ಮೂರರವರೆಗೆ ಎಣಿಸಲಾರದ ಟೈಲರ್ ಮಾಮ

ನಮ್ಮ ಟೈಲರ್ ಮಾಮನಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ!

ಇದನ್ನು ರಿಪ್ಪನ್‌ಪೇಟೆಯಲ್ಲಿ ನಿಂತು ಹೇಳಿದರೆ ಜನ ನನ್ನನ್ನೇ ಹುಚ್ಚಿ ಎಂದಾರು. ಅರ್ಧ ಪೇಟೆಯ ಎದೆ, ಸೊಂಟ, ತೋಳಿನ ಅಳತೆಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರು ಅವರು. ಬಸ್ಸಿನಿಂದ ಇಳಿದವರ ಹೆಸರು ಮರೆತಿದ್ದರೂ ಸೊಂಟ ಮರೆತಿರುತ್ತಿರಲಿಲ್ಲ. "ಓಹೋ, ಮೂವತ್ತೆರಡು ಬಂತು! ಅಲ್ಲಲ್ಲ, ಈಗ ಮೂವತ್ತಾರಾಗಿದೆ, ಅತ್ತೆ ಮನೆ ಊಟ ಹಿಡಿಸಿದೆ" ಎಂದು ಮಿಷನ್ ಮುಂದೆ ಕೂತಲ್ಲಿಂದಲೇ ಸಾರಿ ಎಷ್ಟೋ ಮಂದಿ ಹೊಸ ಅಳಿಯಂದಿರ ಮಾನ ತೆಗೆದಿದ್ದಾರೆ. ಅಂಥವರಿಗೆ ಮೂರೆಣಿಸಲು ಬಾರದೆ? ಅನುಮಾನವಿದ್ದವರು ಅವರ ಮುಂದೆ ಮೂರು ಗುಂಡಿ ಇಟ್ಟು ಎಷ್ಟಿವೆ ಎಂದು ಕೇಳಬೇಕಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಗುಂಡಿಗಳನ್ನು ದಿಟ್ಟಿಸಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು, "ಅದೇ ನೋಡು ಮಗಾ, ನಂಗೂ ಗೊತ್ತಾಗ್ದೆ ಇರೋದು. ಮೂರೋ, ಒಂದೋ?" ಎನ್ನುತ್ತಿದ್ದರು.

ತಪ್ಪು ಅವರದ್ದಲ್ಲ, ಅವರ ದೇವರದ್ದು. ಮಾಮ ಕ್ರೈಸ್ತರು. ಅವರ ಪ್ರಾರ್ಥನೆಯೆಲ್ಲ ಪಿತ, ಸುತ, ಪವಿತ್ರಾತ್ಮ ಎಂದೇ ಆರಂಭವಾಗುತ್ತದೆ. ಪಿತ ದೇವರು, ಸುತ ದೇವರು, ಪವಿತ್ರಾತ್ಮ ದೇವರು. ಹಾಗಾದರೆ ದೇವರು ಎಷ್ಟು ಜನ? ಒಬ್ಬರೇ! ಇದಕ್ಕೆ ತ್ರಿತ್ವ ಎಂದು ಹೆಸರು. ಇಗರ್ಜಿಗೆ ಹೋಗುವ ಉಳಿದವರೆಲ್ಲ ಇದನ್ನು ಚಿಕ್ಕಂದಿನಲ್ಲೇ ಒಪ್ಪಿಕೊಂಡು, ದೊಡ್ಡವರಾಗಿ, ಮದುವೆಯಾಗಿ ಸುಖವಾಗಿದ್ದಾರೆ. ಮಾಮ ಮಾತ್ರ ಅಲ್ಲೇ ಸಿಕ್ಕಿಬಿದ್ದಿದ್ದರು. "ಹಣೆ ಮುಟ್ತೀವಿ, ಎದೆ ಮುಟ್ತೀವಿ, ಆ ಭುಜ, ಈ ಭುಜ. ನಾಲ್ಕು ಕಡೆ ಮುಟ್ಟಿ, ಮೂವರ ಹೆಸರು ಹೇಳಿ, ಒಬ್ರಿಗೆ ನಮಸ್ಕಾರ! ಈ ಅಳತೆಗೆ ಯಾವ ಟೈಲರ್ ಬಟ್ಟೆ ಕತ್ತರಿಸ್ತಾನೆ ಹೇಳು?" ಎಂದು ಕತ್ತರಿ ಹಿಡಿದುಕೊಂಡೇ ಕೇಳುತ್ತಿದ್ದರು. ಕತ್ತರಿ ಹಿಡಿದವರಿಗೆ ಎದುರಾಡುವುದು ಕ್ಷೇಮವಲ್ಲವಾದ್ದರಿಂದ ಗಿರಾಕಿಗಳು ಸುಮ್ಮನೆ ತಲೆಯಾಡಿಸುತ್ತಿದ್ದರು.

ನಾನು ಅವರ ಅಂಗಡಿಗೆ ಸೇರಿದ್ದು ಹೊಲಿಗೆಯ ಮೇಲಿನ ಪ್ರೀತಿಯಿಂದಲ್ಲ. ನನಗೆ ಉಗ್ಗು. ಈಗಲೂ ಇದೆ, ಆಗ ಇನ್ನೂ ಜೋರು. ಮಾತಿನ ಮೊದಲ ಅಕ್ಷರ ಗಂಟಲಲ್ಲಿ ಕೂತುಬಿಟ್ಟರೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಇಷ್ಟಿದ್ದೂ ನನಗೆ ಹತ್ತಿದ ಹುಚ್ಚು ಯಾವುದು ಗೊತ್ತೇ? ಟೀಚರ್ ಆಗಬೇಕು! ಓದು ಮುಗಿಸಿ ಹೊಸನಗರದ ಒಂದು ಖಾಸಗಿ ಶಾಲೆಗೆ ಸಂದರ್ಶನಕ್ಕೆ ಹೋದೆ. ಅವರು ಮೊದಲು ಕೇಳಿದ್ದು ಹೆಸರು. ನಾನು ಹೆಸರಿನ ಮೊದಲಕ್ಷರ ಹಿಡಿದುಕೊಂಡು ನಿಂತೆ. ಗೋಡೆಯ ಗಡಿಯಾರ ಮಾತ್ರ ಸರಾಗವಾಗಿ ಮಾತಾಡುತ್ತಿತ್ತು. ಕೊನೆಗೆ ಅವರೇ ಅರ್ಜಿ ನೋಡಿ ನನ್ನ ಹೆಸರನ್ನು ನನಗೆ ಹೇಳಿ, ಪಾಪ, ನೀರು ಕೊಟ್ಟು ಕಳಿಸಿದರು.

ಬಸ್ಸಿಳಿದು ಬಂದ ನನ್ನ ಮುಖ ನೋಡಿಯೇ ಅಪ್ಪನಿಗೆ ಅರ್ಥವಾಯಿತು. ಗದ್ದೆ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತು, "ಮಾತಾಡೋ ಕೆಲ್ಸ ಬ್ಯಾಡ ಬಿಡು ಮಗಾ. ಹೊಲಿಗೆ ಕಲಿ. ಮಿಷನ್ನೇ ಮಾತಾಡ್ತದೆ, ನೀನು ಸುಮ್ನೆ ಕೂತ್ರೆ ಸಾಕು" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಇನ್ನು ಮುಂದೆ ಬಾಯಿ ಮುಚ್ಚಿಕೊಂಡೇ ಬದುಕಬೇಕು ಎಂದು ನನಗೆ ಕೇಳಿಸಿತು. ಮರುದಿನ ರಿಪ್ಪನ್‌ಪೇಟೆಗೆ ಕರೆತಂದು ಮಾಮನ ಅಂಗಡಿಯಲ್ಲಿ ಬಿಟ್ಟು, "ಹುಡುಗಿ ಮಾತು ಕಮ್ಮಿ ಟೈಲರ್ರೇ" ಎಂದಷ್ಟೇ ಹೇಳಿ ಹೋದರು.

ಮಾತು ಕಮ್ಮಿಯ ಹುಡುಗಿಗೆ ಮಾಮ ಮೊದಲ ದಿನ ಕೊಟ್ಟದ್ದು ಸೂಜಿಯನ್ನಲ್ಲ, ದಾರವನ್ನಲ್ಲ. ಇಡ್ಲಿ ಪಾತ್ರೆಯಷ್ಟು ದಪ್ಪದ ಕನ್ನಡ ಬೈಬಲ್ಲು!

"ಕಣ್ಣು ಮಂಜಾಗಿದೆ ಮಾರಾಯ್ತಿ. ಸಣ್ಣ ಅಕ್ಷರ ಕಾಣೋದಿಲ್ಲ. ನಾನು ಹೊಲೀತೀನಿ, ನೀನು ಓದು. ತ್ರಿತ್ವ ಅಂತ ಇಡೀ ಪುಸ್ತಕದಲ್ಲಿ ಆ ಪದವೇ ಇಲ್ವಂತೆ, ಗೊತ್ತಾ? ಹೆಸರು ಹೇಳ್ದೆ ಒಳಗೆ ಎಲ್ಲೋ ಕೂತಿದ್ದಾರೆ ಮೂವರೂ. ನಾವು ಹುಡುಕ್ಬೇಕು."

ನಾನು ಬಾಯಲ್ಲಿ ಹೇಳಲಾರದೆ ಕೈಸನ್ನೆ ಮಾಡಿದೆ, ಆಗುವುದಿಲ್ಲ ಎಂದು. ಕಣ್ಣು ಮಂಜಾದ ಮನುಷ್ಯರಿಗೆ ಕೈಸನ್ನೆ ಕಾಣುತ್ತದೆಯೇ? ಅವರು ಆಗಲೇ ಮಿಷನ್ ತುಳಿಯತೊಡಗಿದ್ದರು. ಬೇರೆ ದಾರಿಯಿಲ್ಲದೆ ಮೊದಲ ಪುಟ ತೆರೆದೆ. ಮೊದಲ ಪದ, ಆದಿಯಲ್ಲಿ.

"ಆ... ಆ... ಆ..."

ಮಿಷನ್ ನಿಂತಿತು. ನನ್ನ ಕಿವಿ ಬಿಸಿಯಾಯಿತು. ನಗುತ್ತಾರೆ, ಇಲ್ಲವೇ ನೀರು ಕೊಡುತ್ತಾರೆ. ಎರಡರಲ್ಲಿ ಒಂದು ಆಗಿಯೇ ಆಗುತ್ತದೆ ಎಂದು ತಲೆ ತಗ್ಗಿಸಿದೆ.

"ಭೇಷ್!" ಎಂದರು ಮಾಮ. "ಆದಿಯಲ್ಲೇ ಮೂರು ಸಲ ಹೇಳ್ಬಿಟ್ಟೆ! ಸರಿಯಾಗೇ ಇದೆ. ಮೂವರು ಕೇಳಿಸ್ಕೋಬೇಕಲ್ಲ? ಒಬ್ಬೊಬ್ಬರಿಗೆ ಒಂದೊಂದು. ಮುಂದೆ?"

ನಾನು ಗಾಬರಿಯಲ್ಲಿ ಇನ್ನೊಂದು "ಆ" ಎಂದೆ.

"ನಾಲ್ಕನೇದು ನಂಗೆ."

ಐದನೆಯದೂ ಬಂತು.

"ಅದು ಒಳಗೆ ಬಾಯಮ್ಮಂಗೆ. ಅವಳಿಗೆ ಕಿವಿ ಸ್ವಲ್ಪ ಮಂದ."

ಅಂಗಡಿಯ ಹಿಂದೆಯೇ ಅವರ ಮನೆ. ಅಡಿಗೆಮನೆಯಿಂದ ಅವರ ಹೆಂಡತಿ, ಪೇಟೆಯವರೆಲ್ಲ ಬಾಯಮ್ಮ ಎಂದು ಕರೆಯುವವರು, "ಎಂತ ಅಂದ್ರಿ? ನಂಗೆ ಕೇಳಿಸ್ಲಿಲ್ಲ!" ಎಂದು ಕೂಗಿದರು. ನನಗೆ ನಗು ಬಂತು. ನಗುವಿನ ಜೊತೆಯಲ್ಲೇ ಆ ಪದವೂ ಹೊರಬಂತು. ಅಂದು ಸಂಜೆಯೊಳಗೆ ಒಂದೇ ಒಂದು ಪುಟ ಓದಿದೆ. ಮಾಮ ಮಾತ್ರ ಒಂದು ಪೂರ್ತಿ ಸಫಾರಿ ಸೂಟು ಹೊಲಿದು ಮುಗಿಸಿದ್ದರು.

ಹೀಗೆ ಶುರುವಾದ ಓದು ಮೂರು ವರ್ಷ ನಡೆಯಿತು. ಹುಡುಕಿದ್ದನ್ನು ಗುರುತು ಹಾಕಲು ಬೇರೆಯವರು ಪೆನ್ಸಿಲ್ ಹಿಡಿಯುತ್ತಾರೆ. ಮಾಮ ಸೂಜಿ ಹಿಡಿದರು! ಪಿತನ ಮಾತು ಬಂದಲ್ಲಿ ಪುಟದ ಅಂಚಿಗೆ ನೀಲಿ ದಾರದ ಒಂದು ಹೊಲಿಗೆ. ಯಾಕೆ ನೀಲಿ? ಆಕಾಶದ ಬಣ್ಣ ಎಂದು ಗಂಭೀರವಾಗಿ ಹೇಳಿದರು. ಶಾಲೆಯ ಯೂನಿಫಾರ್ಮು ಹೊಲಿದು ಉಳಿದ ನೀಲಿ ದಾರದ ಉಂಡೆಗಳು ಡಬ್ಬಿಯ ತುಂಬ ಇದ್ದದ್ದು ನನಗೆ ಕಾಣುತ್ತಿತ್ತು. ಸುತನಿಗೆ ಕೆಂಪು, ರಕ್ತದ ಬಣ್ಣ. ಪವಿತ್ರಾತ್ಮನಿಗೆ ಬಿಳಿ. ಬಿಳಿ ಕಾಗದದ ಮೇಲೆ ಬಿಳಿ ದಾರ ಕಾಣುವುದು ಹೇಗೆ ಎಂದು ನಾನು ಕಷ್ಟಪಟ್ಟು ಕೇಳಿದೆ.

"ಕಾಣೋದಿಲ್ಲ! ಪವಿತ್ರಾತ್ಮ ಯಾರ ಕಣ್ಣಿಗೆ ಕಾಣ್ತದೆ ಹೇಳು? ಕೈಯಾಡ್ಸಿ ನೋಡು, ಇರೋದು ಗೊತ್ತಾಗ್ತದೆ."

ಕೈಯಾಡಿಸಿದೆ. ನಿಜವಾಗಿಯೂ ಗೊತ್ತಾಯಿತು. ಒಂದು ದಿನ ಹಿಂದಿನ ಪುಟಗಳನ್ನು ಮಗುಚುವಾಗ ಹಳದಿ ದಾರವೂ ಕಂಡಿತು. ಮೂವರ ಲೆಕ್ಕಕ್ಕೆ ನಾಲ್ಕನೆಯ ಬಣ್ಣ ಎಲ್ಲಿಂದ ಬಂತು? ಕೇಳಿದರೆ ಮಾಮ, "ಆ ಮೂರು ದೇವರದ್ದು. ಹಳದಿ ನಂದು" ಎಂದು ಕತ್ತರಿ ಕೈಗೆತ್ತಿಕೊಂಡರು. ಕತ್ತರಿ ಹಿಡಿದವರ ಹತ್ತಿರ ನಾನೂ ಎದುರಾಡಲಿಲ್ಲ.

ಪೇಟೆಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಹೊಲಿಗೆ ಕಲಿಯಲು ಹೋದ ಮಗಳು ಬೈಬಲ್ಲು ಓದುತ್ತಾಳೆಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಅಪ್ಪ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಮುಖ ಬಿಗಿದಿತ್ತು. ಮಾಮನಿಗೆ ಮುಖ ಓದುವ ಅಭ್ಯಾಸವೇ ಇಲ್ಲ, ಸೊಂಟ ಮಾತ್ರ. ಅವರು ಸಂತೋಷದಿಂದ ತಮ್ಮ ಸಮಸ್ಯೆಯನ್ನು ಅಪ್ಪನ ಮುಂದೆಯೂ ಹರವಿದರು.

"ಅದಕ್ಕೆ ಅಷ್ಟೊಂದು ತಲೆ ಯಾಕೆ ಕೆಡಿಸ್ಕೊತೀರಿ?" ಎಂದರು ಅಪ್ಪ. "ನಮ್ಮಲ್ಲೂ ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಮೂವರಿಲ್ವಾ? ಅದೇ ಇದು."

"ಅಲ್ಲ ಮಾರಾಯ್ರೆ! ನಿಮ್ಮವರು ಕೆಲ್ಸ ಹಂಚ್ಕೊಂಡಿದ್ದಾರೆ. ಒಬ್ರು ಹುಟ್ಸೋದು, ಒಬ್ರು ಸಾಕೋದು, ಒಬ್ರು ಮುಗ್ಸೋದು. ನಮ್ಮಲ್ಲಿ ಹಂಗಲ್ಲ. ಯಾವ ಕೆಲ್ಸಕ್ಕೂ ಮೂವರೂ ಒಟ್ಟಿಗೇ ಹೊರಡ್ತಾರೆ!"

ಅಪ್ಪ ಸ್ವಲ್ಪ ಯೋಚಿಸಿದರು. ತಾಲೂಕು ಕಚೇರಿಗೆ ಅಲೆದು ಅನುಭವವಿದ್ದವರು. "ಹಂಗಾದ್ರೆ ಕೊನೆಗೆ ಸಹಿ ಹಾಕೋರು ಯಾರು?"

ಮಾಮ ಸೋಲನ್ನು ಮರೆಸಲು ನನ್ನ ಕಡೆ ತಿರುಗಿ, "ಓದು ಮಗಾ" ಎಂದರು. ಅಪ್ಪನ ಎದುರು ಓದುವುದೇ? ಆದರೂ ಓದಿದೆ. ಮೂರು ಬಾರಿ ಆ ಮೂವರಿಗೆ, ನಾಲ್ಕನೆಯದು ಮಾಮನಿಗೆ, ಅಪರೂಪಕ್ಕೆ ಬಾಯಮ್ಮನಿಗೆ. ಹೀಗೆ ಹಂಚುತ್ತ ಹಂಚುತ್ತ ಅರ್ಧ ಪುಟ ದಾಟಿದೆ. ತಲೆಯೆತ್ತಿದಾಗ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸುತ್ತಿದ್ದರು. ಎದ್ದು ಹೊರಟವರು, "ದಿನಾ ಎಷ್ಟು ಓದಿಸ್ತೀರಿ ಟೈಲರ್ರೇ?" ಎಂದು ಕೇಳಿದರು. ಒಂದು ಪುಟ ಎಂದರು ಮಾಮ. "ಎರಡು ಮಾಡಿ" ಎಂದರು ಅಪ್ಪ. ಮರುವಾರದಿಂದ ನನ್ನ ಕೈಯಲ್ಲಿ ಮಾಮನ ಮನೆಗೆ ಬಾಳೆಗೊನೆ, ಹಲಸಿನ ಹಪ್ಪಳ, ಅಪ್ಪೆಮಿಡಿ ಹೋಗತೊಡಗಿದವು.

ಇನ್ನು ಮಾಮ ಮತ್ತು ಸಾಗರದ ಫಾದರ್ ಅವರ ವಿಷಯಕ್ಕೆ ಬರುತ್ತೇನೆ. ದಾರ, ಗುಂಡಿ, ಲೈನಿಂಗ್ ತರಲು ಮಾಮ ಸಾಗರಕ್ಕೆ ಹೋಗುತ್ತಿದ್ದರು. ಹೋದಾಗಲೆಲ್ಲ ಅಲ್ಲಿನ ಫಾದರ್ ಅವರಿಗೆ ತ್ರಿತ್ವದ ಹೊಸ ವಿವರಣೆಯೊಂದನ್ನು ಒಪ್ಪಿಸಿ ಬರುವುದು ವಾಡಿಕೆ. ಫಾದರ್ ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ನಪಾಸು ಮಾಡಿ ಕಳಿಸುತ್ತಿದ್ದರು.

ಮೊದಲು ಮಾಮ ಅಂಗಿಯ ಉದಾಹರಣೆ ಒಯ್ದರು. ಕಾಲರು, ಮೈ, ತೋಳು. ಮೂರು ಸೇರಿ ಒಂದು ಅಂಗಿ. ಫಾದರ್ ನಕ್ಕರಂತೆ. "ತೋಳು ಅಂಗಿಯ ಒಂದು ಭಾಗ ಅಷ್ಟೇ. ಬರೀ ತೋಳು ಹಾಕ್ಕೊಂಡು ನೀವು ಸಂತೆಗೆ ಹೋಗ್ತೀರಾ? ದೇವರಲ್ಲಿ ಒಬ್ಬೊಬ್ಬರೂ ಪೂರ್ತಿ ದೇವರು. ನಪಾಸು."

ಮಾಮ ಎರಡು ತಿಂಗಳು ಯೋಚಿಸಿ ತಮ್ಮನ್ನೇ ಉದಾಹರಣೆ ಮಾಡಿಕೊಂಡರು. ಅಮ್ಮನಿಗೆ ಮಗ, ಬಾಯಮ್ಮನಿಗೆ ಗಂಡ, ಪೇಟೆಗೆ ಟೈಲರ್. ಮೂರು ಹೆಸರು, ಮನುಷ್ಯ ಒಬ್ಬನೇ! "ಅದು ಒಬ್ಬನೇ ಮೂರು ವೇಷ ಹಾಕಿದ ಹಾಗಾಯ್ತು" ಎಂದರು ಫಾದರ್. "ಯೇಸು ಹೊಳೆಯಲ್ಲಿ ದೀಕ್ಷಾಸ್ನಾನಕ್ಕೆ ಇಳಿದಿದ್ದಾನೆ, ಆತ್ಮ ಪಾರಿವಾಳದ ಹಾಗೆ ಇಳಿದು ಬರ್ತಿದೆ, ಮೇಲಿಂದ ತಂದೆಯ ದನಿ ಇವನು ನನ್ನ ಮಗ ಅಂತಿದೆ. ಮೂವರೂ ಒಂದೇ ಹೊತ್ತಿಗೆ ಅಲ್ಲಿದ್ದಾರೆ. ವೇಷ ಬದಲಿಸೋಕೆ ಪುರುಸೊತ್ತೆಲ್ಲಿತ್ತು? ನಪಾಸು." ಮನೆಯಲ್ಲಿ ಬಾಯಮ್ಮನೂ ಈ ಉದಾಹರಣೆಯನ್ನು ಒಪ್ಪಲಿಲ್ಲ. "ಟೈಲರ್ ಹೌದು. ಗಂಡ ಆಗಿದ್ದು ಯಾವಾಗ?" ಎಂದು ಕೇಳಿದರು.

ಮೂರನೆಯ ಸಲ ಮೂರೆಳೆ ಹೊಸೆದ ದಾರದ ತುಂಡನ್ನೇ ಜೇಬಿನಲ್ಲಿ ಒಯ್ದರು. ಎಳೆ ಬಿಚ್ಚಿದರೆ ಒಂದೊಂದೂ ಸಣಕಲು, ಹಾಗಾಗಿ ಅದೂ ನಪಾಸು. ಆದರೆ ಇಷ್ಟು ಸಲ ನಪಾಸಾಗಿ ಇಷ್ಟು ಖುಷಿಯಿಂದ ಮನೆಗೆ ಬರುವ ವಿದ್ಯಾರ್ಥಿಯನ್ನು ನಾನು ಆಮೇಲೆ ಕಂಡಿಲ್ಲ. ಬಸ್ಸಿಳಿಯುತ್ತಲೇ, "ಹೋಯ್ತು ಮಗಾ! ದಾರವೂ ಹೋಯ್ತು! ದೇವರು ದೊಡ್ಡೋನೇ ಮಾರಾಯ್ತಿ, ಯಾವ ಅಳತೆಗೂ ಸಿಗ್ತಿಲ್ಲ!" ಎಂದು ಲೈನಿಂಗ್ ಕಟ್ಟನ್ನು ಬೀಸುತ್ತ ಬರುತ್ತಿದ್ದರು.

ಇವರ ಈ ಸಂಶೋಧನೆಯಿಂದ ಕಷ್ಟಕ್ಕೆ ಬಿದ್ದದ್ದು ಶಾಲೆಗಳು. ತ್ರಿತ್ವದ ಹಬ್ಬ ಬರುವುದು ಮಳೆ ಹಿಡಿಯುವ ಹೊತ್ತಿಗೆ, ಸರಿಯಾಗಿ ಯೂನಿಫಾರ್ಮಿನ ಸಮಯಕ್ಕೆ! ಒಂದು ವರ್ಷ ಅಬ್ರಹಾಮನ ಕಥೆ ಅವರ ತಲೆ ತಿಂದಿತು. ಬಿಸಿಲಲ್ಲಿ ಅಬ್ರಹಾಮನ ಗುಡಾರದ ಮುಂದೆ ಮೂವರು ನೆಂಟರು ಬರುತ್ತಾರೆ. ಅವನು ಓಡಿಹೋಗಿ ನಮಸ್ಕರಿಸಿ, ಒಬ್ಬರೊಡನೆ ಮಾತಾಡುವಂತೆ "ಸ್ವಾಮೀ" ಎನ್ನುತ್ತಾನೆ. ಹೆಂಡತಿಗೆ ಬೇಗ ರೊಟ್ಟಿ ಸುಡು ಎನ್ನುತ್ತಾನೆ. "ಮೂವರನ್ನ ನೋಡಿ ಒಬ್ರನ್ನ ಮಾತಾಡ್ಸಿದ! ಸರಿ, ಹೆಂಡ್ತಿ ರೊಟ್ಟಿ ಸುಟ್ಟಿದ್ದು ಎಷ್ಟು ಜನಕ್ಕೆ?" ಇದೇ ಗುಂಗಿನಲ್ಲಿ ಮಾಮ ಎರಡನೇ ತರಗತಿಯ ಪೋರನೊಬ್ಬನ ಅಂಗಿಗೆ ಮೂರು ಜೇಬು ಹೊಲಿದುಬಿಟ್ಟರು. ಅವನಮ್ಮ ಅಂಗಿ ಹಿಡಿದು ಜಗಳಕ್ಕೆ ಬಂದರೆ, ಹುಡುಗ ಬಿಚ್ಚಲು ಬಿಡಲಿಲ್ಲ. ಮೂರರಲ್ಲೂ ಆಗಲೇ ಗೋಲಿ ತುಂಬಿಕೊಂಡಿದ್ದ!

ಇದಕ್ಕಿಂತ ದೊಡ್ಡ ಪ್ರಮಾದ ಹೊಸನಗರದಲ್ಲಿ ನಡೆಯಿತು. ಬಾಯಮ್ಮನ ತಮ್ಮನ ಹೊಸಮನೆ ಪ್ರವೇಶ. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಪ್ರಾರ್ಥನೆಯ ನಡುವೆ ಅದೇ ಅಬ್ರಹಾಮನ ನೆಂಟರ ಭಾಗವನ್ನು ಮಾಮ ಓದಿಸಬೇಕು ಎಂದಾಗಿತ್ತು. ಮಾಮ ತಮ್ಮ ದಪ್ಪ ಪುಸ್ತಕವನ್ನು ಠೀವಿಯಿಂದ ತೆಗೆದು ನನ್ನ ಕೈಗಿತ್ತರು. ಪುಟ ತೆರೆಯಲು ನೋಡುತ್ತೇನೆ, ಬರುತ್ತಿಲ್ಲ! ಹಿಂದಿನ ದಿನ ಯೂನಿಫಾರ್ಮಿನ ಅವಸರದಲ್ಲಿ ಕೈಹೊಲಿಗೆಗೆ ಬೇಸರಪಟ್ಟು ಮಾಮ ಗುರುತನ್ನು ಮಿಷನ್ನಿನಲ್ಲೇ ಹಾಕಿದ್ದರು. ಆರು ಹಾಳೆಗಳು ಸೇರಿ ಬಿದ್ದಿವೆ, ನೀಲಿ ದಾರದ ಡಬಲ್ ಹೊಲಿಗೆ! ಒಳಗೆ ಅಬ್ರಹಾಮ, ಹೆಂಡತಿ, ಮೂವರು ನೆಂಟರು ಎಲ್ಲರೂ ಬಂದ್.

ಮನೆ ತುಂಬ ಜನ ಕಾಯುತ್ತಿದ್ದಾರೆ. ಮಾಮ ಕೆಮ್ಮಿ, "ಹುಡುಗಿ ಬಾಯಲ್ಲಿ ಹೇಳ್ತಾಳೆ" ಎಂದುಬಿಟ್ಟರು! ಬಾಯಲ್ಲಿ! ನಾನು! ನೋಡಿಕೊಳ್ಳಲು ಪುಸ್ತಕವಿಲ್ಲ, ತಲೆ ತಗ್ಗಿಸಲು ಪುಟವಿಲ್ಲ. ಮಾಮನ ಕಡೆ ನೋಡಿದೆ. ಅವರು ಎರಡು ಬೆರಳು ಸೇರಿಸಿ, ದಾರ ಎಳೆಯುವ ಹಾಗೆ ನಿಧಾನವಾಗಿ ಎಳೆದು ತೋರಿಸಿದರು. ನಾನು ಹೇಳತೊಡಗಿದೆ. ಅಬ್ರಹಾಮ ಎನ್ನಲು ನಾಲ್ಕು ಸಲ ಬೇಕಾಯಿತು. ನೆಂಟರು ಬಂದ ಮೇಲೆ ಸ್ವಲ್ಪ ಸಲೀಸಾಯಿತು. ನೆಂಟರು ಬಂದಾಗ ನಮ್ಮಲ್ಲಿ ಏನೇನು ಮಾಡುತ್ತಾರೋ ಎಲ್ಲವನ್ನೂ ಅಬ್ರಹಾಮನಿಂದ ಮಾಡಿಸಿದೆ. ಕಾಲಿಗೆ ನೀರು ಕೊಡಿಸಿದೆ, ಬಾಯಾರಿಕೆಗೆ ಬೆಲ್ಲ ಕೊಡಿಸಿದೆ, ರೊಟ್ಟಿಗೆ ಬೆಣ್ಣೆ ಹಾಕಿಸಿದೆ. ಬೆಲ್ಲ ಮೂಲದಲ್ಲಿಲ್ಲ ಎಂದು ಆಮೇಲೆ ಬಾಯಮ್ಮ ಹೇಳಿದರು. ಆದರೆ ಒಬ್ಬರೂ ನಗಲಿಲ್ಲ, ಒಬ್ಬರೂ ನೀರು ತಂದುಕೊಡಲಿಲ್ಲ. ನನ್ನ ಬಾಯಿಂದ ಒಂದು ಕಥೆಯನ್ನು ಜನ ಕೊನೆಯವರೆಗೆ ಕೂತು ಕೇಳಿದ್ದು ಅದೇ ಮೊದಲು.

ಅದಾದ ಮೇಲೆ ಮಾಮ ಕೆಲವು ದಿನ ಹೊಲಿಗೆ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ಒಮ್ಮೆ ನಾನು ಓದುತ್ತ ಒಂದು ಪದದ ಬಾಗಿಲಲ್ಲಿ ಉಸಿರು ಕಟ್ಟಿ ನಿಂತಿದ್ದೆ. ಮಾಮ ಥಟ್ಟನೆ ಎದ್ದು ನಿಂತರು. "ಸಿಕ್ತು! ಹೊರಡು ಸಾಗರಕ್ಕೆ!" ಎಂದು ಗಿರಾಕಿಯೊಬ್ಬರ ಅಳತೆಯನ್ನು ಅರ್ಧಕ್ಕೇ ಬಿಟ್ಟು ಬಸ್ ಹತ್ತಿಸಿದರು. ದಾರಿಯುದ್ದಕ್ಕೂ ಅಳತೆ ಟೇಪು ಅವರ ಕುತ್ತಿಗೆಯಲ್ಲೇ ಇತ್ತು.

"ಫಾದರ್, ಮೊದಲನೇ ಪುಟದಲ್ಲೇ ಇದೆ!" ಎಂದರು ಏದುಸಿರು ಬಿಡುತ್ತ. "ದೇವರು ಹೇಳ್ತಾರೆ, ಬೆಳಕಾಗ್ತದೆ. ಹೇಳೋರು ತಂದೆ. ಹೇಳಿದ ಮಾತು ಮಗ. ಮಾತು ಮೊದಲಿಂದಲೂ ದೇವರ ಹತ್ರಾನೇ ಇತ್ತು, ಅದೇ ಯೇಸುವಾಗಿ ಹುಟ್ತು ಅಂತ ಯೋಹಾನ ಸುವಾರ್ತೇಲಿ ಬರೆದಿದ್ದಾನಲ್ಲ? ನೀರಿನ ಮೇಲೆ ಓಡಾಡ್ತಿತ್ತಲ್ಲ ಆತ್ಮ, ಅದು ಉಸಿರು. ಹೇಳೋರು, ಮಾತು, ಉಸಿರು. ಇದ್ರಲ್ಲಿ ಒಂದನ್ನ ಬಿಟ್ಟು ಇನ್ನೊಂದು ಇರೋದಿಲ್ಲ ಫಾದರ್!"

"ಇದೂ ಪೂರ್ತಿ ಅಲ್ಲ" ಎಂದರು ಫಾದರ್. "ದೇವರಿಗೆ ಸರಿಹೋಗೋ ಟೇಪು ಇನ್ನೂ ಯಾರ ಹತ್ರಾನೂ ಇಲ್ಲ. ಆದ್ರೆ ನಪಾಸು ಅನ್ನೋಕೆ ಮನಸ್ಸು ಬರ್ತಿಲ್ಲ. ಎಲ್ಲಿ ಓದಿದ್ರಿ ಇದನ್ನ?"

"ಓದಿದ್ದಲ್ಲ ಫಾದರ್. ನಮ್ಮ ಹುಡುಗಿ ಹೇಳ್ಬೇಕು ಅಂತಿರ್ತಾಳೆ, ಮಾತೂ ಒಳಗೆ ತಯಾರಿರ್ತದೆ, ಉಸಿರು ಬರೋ ತನಕ ಇಬ್ರೂ ಕಾಯ್ತಿರ್ತಾರೆ. ಬಂದ್ ಕೂಡ್ಲೆ ಬೆಳಕು. ಮೂರು ವರ್ಷದಿಂದ ದಿನಾ ನೋಡ್ತಿದ್ದೀನಿ."

ಫಾದರ್ ನನ್ನ ಕಡೆ ತಿರುಗಿ ಎದ್ದು ನಿಂತು ಕೈಮುಗಿದರು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ಮಾಮನ ಕುತ್ತಿಗೆಯ ಟೇಪನ್ನು ನೋಡುತ್ತ ನಿಂತೆ. ಹುಟ್ಟಿದಾಗಿನಿಂದ ನನಗೆ ಶಾಪವೆಂದು ಅಂಟಿಕೊಂಡದ್ದರಲ್ಲಿ ಈ ಮನುಷ್ಯ ತನ್ನ ದೇವರನ್ನು ಹುಡುಕಿ ತೆಗೆದಿದ್ದ! ಇದಕ್ಕೆ ಏನು ಹೇಳುತ್ತೀರಿ? ನನಗಂತೂ ಹೇಳಲು ಆಗಲಿಲ್ಲ, ಈ ಸಲ ಉಗ್ಗಿನಿಂದಲ್ಲ.

ಆ ವರ್ಷವೇ ತೀರ್ಥಹಳ್ಳಿಯ ಶಾಲೆಯೊಂದಕ್ಕೆ ಅರ್ಜಿ ಹಾಕಿದೆ. ಏಳನೇ ತರಗತಿಗೆ ಪಾಠ ಮಾಡಿ ತೋರಿಸಬೇಕಿತ್ತು. ಹಿಂದೆ ಮೂವರು ಹಿರಿಯರು ಕೂತಿದ್ದರು. ಪಾಠದ ಮೊದಲ ಪದವೇ ಮಳೆ.

"ಮ... ಮ... ಮ... ಮಳೆ."

ಹೊಸನಗರದ ಆ ಗೋಡೆ ಗಡಿಯಾರದ ಸದ್ದು ಮತ್ತೆ ಕೇಳಿಸಿದಂತಾಯಿತು. ಅಷ್ಟರಲ್ಲಿ ನನ್ನ ಬಾಯಿ ತಾನಾಗಿಯೇ ಹೇಳಿತು, "ಮೊದಲನೇದು ಮುಂದಿನ ಬೆಂಚಿಗೆ, ಎರಡನೇದು ನಡುವಿನ ಬೆಂಚಿಗೆ, ಮೂರನೇದು ಹಿಂದಿನ ಬೆಂಚಿಗೆ. ಎಲ್ಲರಿಗೂ ಕೇಳಿಸ್ತಾ?" ಹಿಂದಿನ ಬೆಂಚಿನ ಒಬ್ಬಳು ಕಿಲಾಡಿ, "ನಮಗಿನ್ನೊಂದ್ಸಲ ಹೇಳಿ ಮಿಸ್, ಇಲ್ಲಿ ಸರಿಯಾಗಿ ಬೀಳ್ಲಿಲ್ಲ!" ಎಂದಳು. ಮಕ್ಕಳೂ ನಕ್ಕರು, ಹಿರಿಯರೂ ನಕ್ಕರು, ನಾನೂ ನಕ್ಕೆ. ಕೆಲಸ ಸಿಕ್ಕಿತು. ಇಂದಿಗೂ ಅಲ್ಲೇ ಇದ್ದೇನೆ, ಇಂದಿಗೂ ಒಬ್ಬೊಬ್ಬರಿಗೆ ಒಂದೊಂದು ಹಂಚುತ್ತೇನೆ. ನೇಮಕದ ಪತ್ರ ತೋರಿಸಿದಾಗ ಮಾಮ ನನಗೊಂದು ಸೀರೆಯ ರವಿಕೆ ಹೊಲಿದುಕೊಟ್ಟರು. ತೋಳು ಒಂದು ಉದ್ದ, ಒಂದು ಗಿಡ್ಡ. ಮೂರು ವರ್ಷ ಅಂಗಡಿಯಲ್ಲಿದ್ದ ನನಗೆ ಅದನ್ನು ಸರಿಮಾಡಿಕೊಳ್ಳುವಷ್ಟೂ ಹೊಲಿಗೆ ಬರುತ್ತಿರಲಿಲ್ಲ!

ಹೋದ ಮಳೆಗಾಲದಲ್ಲಿ ಬಾಯಮ್ಮ ಫೋನ್ ಮಾಡಿದರು.

"ಮಾಮಂಗೆ ಸ್ಟ್ರೋಕ್ ಆಗಿತ್ತು ಮಗಾ. ಈಗ ನಡೀತಾರೆ, ಉಣ್ತಾರೆ. ಮಾತೂ ಬರ್ತದೆ ಅಂದಿದ್ದಾರೆ ಡಾಕ್ಟ್ರು. ಆದ್ರೆ ಒಂದೆರಡು ಸಲ ತೊದಲಿ, ನಾಚ್ಕೆಯಾಗಿ ಬಾಯೇ ಮುಚ್ಕೊಂಡಿದ್ದಾರೆ. 'ದಿನಾ ಮಾತಾಡಿಸಿ, ಬಿಟ್ರೆ ಹೋಗ್ಬಿಡ್ತದೆ' ಅಂತಾರೆ ಡಾಕ್ಟ್ರು. ನನ್ನ ಹತ್ರಾನೂ ಮಾತಿಲ್ಲ. ನೀನೊಮ್ಮೆ ಬಾ."

ಹೋದೆ. ಮಾಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ನನ್ನನ್ನು ಕಂಡು ಕಣ್ಣು ಅರಳಿತು, ಬಾಯಿ ಮಾತ್ರ ಬಿಗಿದೇ ಇತ್ತು. ಬಾಯಮ್ಮ ಆ ದಪ್ಪ ಪುಸ್ತಕವನ್ನು ನನ್ನ ಮಡಿಲಿಗಿಟ್ಟು ಚಹಾ ಮಾಡಲು ಎದ್ದರು. ಮೊದಲ ಪುಟ ತೆರೆದೆ.

ಆದಿಯಲ್ಲಿ ಎಂಬ ಪದದ ಸಾಲಿನ ಪಕ್ಕದಲ್ಲೇ ಒಂದು ಹಳದಿ ಹೊಲಿಗೆ. ಅದರ ಕೆಳಗಿನ ಸಾಲಿಗೆ ಇನ್ನೊಂದು. ಅಂಚಿನ ತುಂಬ ಹಳದಿ. ಆ ಸಾಲುಗಳು ನನಗೆ ಗೊತ್ತಿದ್ದವು, ಒಂದೊಂದರಲ್ಲೂ ನಾನು ಎಲ್ಲಿ ಮುಗ್ಗರಿಸಿದ್ದೆ ಎಂದು ನಾಲಿಗೆಗೆ ನೆನಪಿತ್ತು. ಪುಟ ಮಗುಚಿದೆ. ನೂರು ಪುಟ ದಾಟುವಾಗ ಹಳದಿ ಪುಟಕ್ಕೆ ಏಳೆಂಟು. ಅರ್ಧ ಪುಸ್ತಕದಲ್ಲಿ ಮೂರ್ನಾಲ್ಕು. ಮತ್ತಾಯನ ಸುವಾರ್ತೆಯ ಹೊತ್ತಿಗೆ ಎಲ್ಲೋ ಒಂದು. ಕೊನೆಯ ಪುಟಗಳಲ್ಲಿ ನೀಲಿ ಇತ್ತು, ಕೆಂಪು ಇತ್ತು, ಬೆರಳಿಗೆ ಬಿಳಿಯೂ ಸಿಕ್ಕಿತು. ಹಳದಿ ಒಂದೂ ಇರಲಿಲ್ಲ.

ಮೆಲ್ಲನೆ ಅಡಿಗೆಮನೆಗೆ ಹೋಗಿ ಬಾಯಮ್ಮನ ಕಿವಿಯ ಹತ್ತಿರ ಕೇಳಿದೆ. "ಮಾಮಂಗೆ ಆಗ ಸಣ್ಣ ಅಕ್ಷರ ಕಾಣ್ತಿತ್ತಾ?"

"ಕಾಣ್ದೆ ಎಂತ? ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸ್ತಿದ್ರಲ್ಲ, ನೋಡಿಲ್ವಾ ನೀನು? ದಿನಾ ಸಂಜೆ ನೀನು ಬಸ್ ಹತ್ತಿದ್ ಮೇಲೆ ಕೂತು ಆ ಹಳದಿ ಹಾಕ್ತಿದ್ರು. ಎಂತಕ್ಕೆ ಅಂದ್ರೆ, 'ಕಡಿಮೆ ಆಗ್ತಿದೆ ಕಣೇ' ಅಂತ ನಗ್ತಿದ್ರು."

ಮೂರು ವರ್ಷ ಎದುರಿಗೇ ಕೂತು, ಹಣೆಗೇರಿದ ಆ ಕನ್ನಡಕವನ್ನು ದಿನವೂ ನೋಡಿದ ನನಗೆ ಇದು ಹೊಳೆಯಲೇ ಇಲ್ಲ. ಕಣ್ಣೊರೆಸಿಕೊಂಡು ಬಂದು ಮಾಮನ ಎದುರು ಕೂತೆ. ದಾರದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಅವರು ಕತ್ತರಿ ಹುಡುಕುತ್ತಿದ್ದರು.

"ಓದ್ಲಾ ಮಾಮ?" ಎಂದೆ.

ಅವರ ತುಟಿ ಅಲುಗಿತು. "ಓ..." ಎಂದವರು ನಾಚಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ನಾನು ಕಾದೆ. ಕಾಯುವುದನ್ನು ನನಗೆ ಕಲಿಸಿದವರೇ ಅವರು. ಎರಡು ಬೆರಳು ಸೇರಿಸಿ, ದಾರ ಎಳೆಯುವ ಹಾಗೆ ನಿಧಾನವಾಗಿ ಎಳೆದು ತೋರಿಸಿದೆ.

"ಓ... ಓ... ಓದು."

"ಮೊದಲ ಮೂರು ಅವರಿಗೆ ಹೋಯ್ತು ಮಾಮ" ಎಂದೆ. "ನಾಲ್ಕನೇದು?"

ಮಾಮ ನನ್ನನ್ನೇ ನೋಡಿದರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. "ಓ... ಓದು" ಎಂದರು.

"ಅದು ನಂಗೆ" ಎಂದೆ.

ಅಷ್ಟರಲ್ಲಿ ಅಡಿಗೆಮನೆಯಿಂದ ಬಾಯಮ್ಮನ ದನಿ ಬಂತು. "ಎಂತ ಅಂದ್ರು? ನಂಗೆ ಕೇಳಿಸ್ಲಿಲ್ಲ!"

ಮಾಮ ಕುರ್ಚಿಯ ಕೈ ಹಿಡಿದು ಒಳಮನೆಯ ಕಡೆಗೆ ತಿರುಗಿದರು. ಒಂದು ದೊಡ್ಡ ಉಸಿರು ಎಳೆದುಕೊಂಡರು. ಐದನೆಯದನ್ನು ಹೆಂಡತಿಗಾಗಿ, ಒಂದಿಷ್ಟೂ ತಡವರಿಸದೆ, ಗಟ್ಟಿಯಾಗಿ ಹೇಳಿದರು.

"ಓದು!"